ಹದಿಮೂರನೆಯ ನುಡಿ

"ನಿಲ್ಲಿಸಿ," ಎಂದರು ಪರಮೇಶ್ವರ ಸರ್. "ಆ ನುಡಿ ಈ ಹಾಡಿನಲ್ಲಿಲ್ಲ."

ಕಮಲಕ್ಕನ ತೆರೆದ ಬಾಯಿ ತೆರೆದಂತೆಯೇ ನಿಂತಿತು. ಹಿಂದೆ ಕೂತಿದ್ದ ನಾಲ್ಕು ಹೆಂಗಸರು ಎರಡು ಪದ ಹೆಚ್ಚಿಗೆ ಹಾಡಿ, ಗಾಬರಿಯಾಗಿ ತಾವೂ ನಿಲ್ಲಿಸಿದರು.

ಅದು ೨೦೦೪ನೆಯ ಇಸವಿ. ಕೊಪ್ಪದ ಸಭಾಭವನವೊಂದರಲ್ಲಿ ಸೋಬಾನೆ ತಂಡಗಳ ಆಯ್ಕೆ ನಡೆದಿತ್ತು. ಅಡ್ಡಗದ್ದೆಯ ಕಮಲಕ್ಕ ಸುತ್ತಮುತ್ತಲ ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಹಾಡು ಹಾಡುತ್ತ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಆದರೂ ಬಲ್ಲವರೊಬ್ಬರು "ಚೆನ್ನಾಗಿದೆ" ಎಂದದ್ದನ್ನು ಅವಳು ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಜನ ಅಳುತ್ತಾರೆ, ಆಮೇಲೆ ಊಟಕ್ಕೆ ಏಳುತ್ತಾರೆ. ಆ ಒಂದು ಮಾತಿಗಾಗಿಯೇ ಅವಳು ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದಳು. ತೀರ್ಪುಗಾರರಾಗಿ ಬಂದಿದ್ದ ಪರಮೇಶ್ವರ ಸರ್ ಅಂದರೆ ಸಾಮಾನ್ಯರಲ್ಲ. ಇದೇ ಹಾಡಿನ ಮೇಲೆ ಡಾಕ್ಟರೇಟ್ ಮಾಡಿದವರು.

ಅವರು ತಡೆದ ನುಡಿ ಇದು:

ಅಳು ಬಂದರೆ ಮಗಳೇ ಒಲೆ ಮುಂದೆ ಕೂರೇ
ಕೇಳಿದ ಅತ್ತೆಗೆ ಹೊಗೆಯೆಂದು ಹೇಳೇ

"ನಮ್ಮಮ್ಮ ಹೇಳಿಕೊಟ್ಟಿದ್ದು ಸಾರ್," ಎಂದಳು ಕಮಲಕ್ಕ.

"ನಿಮ್ಮಮ್ಮನೇ ಸೇರಿಸಿರಬೇಕು. ಮೂಲದಲ್ಲಿ ಹನ್ನೆರಡೇ ನುಡಿ." ಅವರ ದನಿ ಮೃದುವಾಗಿತ್ತು. ಗದರಿದ್ದರೆ ಎದುರು ಮಾತಾಡಬಹುದಿತ್ತು.

"ಎಲ್ಲ ಕಡೆ ಹಾಡೋದಿಲ್ಲ ಸಾರ್. ಗಂಡಿನ ತಾಯಿ ಎದುರಿಗಿದ್ರೆ ನುಂಗಿಬಿಡ್ತೀವಿ. ಅತ್ತೆ ಮುಂದೆ ಅತ್ತೆ ಸುದ್ದಿ ಹಾಡೋದು ಹ್ಯಾಂಗೆ?"

ಸರ್ ನಕ್ಕರು. "ಬೇಕಾದಾಗ ಹಾಡುವುದು, ಬೇಡವಾದಾಗ ಬಿಡುವುದು. ಅಂದರೆ ಸೇರಿಸಿದ್ದು ಅಂತ ನೀವೇ ಒಪ್ಪಿದ ಹಾಗಾಯಿತು."

ಹಿಂದೆ ಕೂತಿದ್ದ ತಂಡದ ರೇಖಾ ಕಮಲಕ್ಕನ ಬೆನ್ನು ತಿವಿದು, "ಬಿಡೇ ಮಾರಾಯ್ತಿ, ಓದಿದವರು ಅವರು. ನಮಗೆಂತ ಗೊತ್ತು?" ಎಂದು ಪಿಸುಗುಟ್ಟಿದಳು.

ಅಮ್ಮ ತೀರಿಕೊಂಡದ್ದು ಕಮಲಕ್ಕನ ಮದುವೆಯಾದ ಮರುವರ್ಷ. ಒಂದು ಫೋಟೋ ಕೂಡ ಇಲ್ಲ. ಅಮ್ಮನದೆಂದು ಉಳಿದಿದ್ದು ಆ ಎರಡು ಸಾಲು. ಇಷ್ಟು ವರ್ಷ ತಪ್ಪನ್ನೇ ಹಾಡಿದೆನೇ? ಅಮ್ಮ ಸುಳ್ಳು ಹೇಳಿಕೊಟ್ಟಳೇ? ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ತಪ್ಪಾಯ್ತು ಸಾರ್," ಎಂದಳು, ಎಲ್ಲರಿಗೂ ಕೇಳುವಂತೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಸರ್‌ಗೆ ಕನಿಕರ ಬಂದಿರಬೇಕು. ಟೇಪ್ ರೆಕಾರ್ಡರ್ ಮುಂದಕ್ಕೆ ಎಳೆದುಕೊಂಡರು. "ಬೇಜಾರು ಬೇಡ. ಶುದ್ಧ ಪಾಠ ಯಾವುದೆಂದು ಕೇಳಿಸಿಕೊಳ್ಳಿ. ಇಪ್ಪತ್ತೈದು ವರ್ಷದ ಹಿಂದೆ ನನ್ನ ಗೆಳೆಯ ಊರೂರು ತಿರುಗಿ ಧ್ವನಿ ಮುದ್ರಿಸಿಕೊಂಡದ್ದು. ಹಾಡುವವರು ಹೆದರುತ್ತಾರೆಂದು ಯಂತ್ರವನ್ನು ಚೀಲದೊಳಗೇ ಇಟ್ಟಿರುತ್ತಿದ್ದ. ಹೆಸರು ಮಾತ್ರ ಬರೆದುಕೊಳ್ಳಲಿಲ್ಲ, ಪುಣ್ಯಾತ್ಮ. ಇಂಥ ಹಾಡುಗಾರ್ತಿ ನನಗೆ ಮತ್ತೆ ಸಿಗಲೇ ಇಲ್ಲ."

ಎಳೆಯ ಹೆಣ್ಣಿನ ದನಿ ಕೇಳಿಬಂತು. ಎಲ್ಲೂ ತಡವರಿಕೆಯಿಲ್ಲ. ಕಮಲಕ್ಕನಿಗೆ ಹೊಟ್ಟೆಕಿಚ್ಚಾಯಿತು, ಅದರ ಬೆನ್ನಿಗೇ ಸೋತೆನೆನ್ನಿಸಿತು. ಇವಳ ಮುಂದೆ ತನ್ನದೇನು ಹಾಡು? ಹನ್ನೆರಡು ನುಡಿ ಮುಗಿದವು. ಆಮೇಲೆ ಆ ಹೆಣ್ಣು ಇನ್ನೇನೋ ಹಾಡುವವಳಂತೆ ಉಸಿರೆಳೆದುಕೊಂಡು ಸುಮ್ಮನಾದಳು.

"ನೋಡಿದಿರಾ? ಇಷ್ಟೇ. ಇವಳಿಂದ ಕಲಿಯಿರಿ."

ಸರ್ ಯಾವಾಗಲೂ ಅಲ್ಲಿಗೇ ಗುಂಡಿ ಒತ್ತುತ್ತಿದ್ದರು. ಇವತ್ತು ಯಾರೋ ಕಾಫಿ ತಂದುಕೊಟ್ಟದ್ದರಿಂದ ಕೈ ತಡವಾಯಿತು. ಟೇಪು ಓಡುತ್ತಲೇ ಇತ್ತು. ಪಾತ್ರೆಯ ಸದ್ದು. ತೀರಾ ಹತ್ತಿರದಲ್ಲೇ ಕೂತಿದ್ದಂತೆ ಒಬ್ಬ ಮುದುಕಿಯ ಒರಟು ದನಿ:

"ಸಾಕೇ ಕಮಲೀ, ಏಳು. ಕೊಟ್ಟಿಗೆ ಕೆಲಸ ಹಾಂಗೇ ಉಂಟು."

"ಅದು ಹಾಡಲ್ಲ, ಮನೆಯ ಗಲಾಟೆ," ಎನ್ನುತ್ತ ಸರ್ ಗುಂಡಿ ಒತ್ತಿದರು.

ಸತ್ತು ಹದಿನೆಂಟು ವರ್ಷವಾಗಿದ್ದ ಅತ್ತೆಯ ಕರೆಗೆ, ಕಮಲಕ್ಕ ಆಗಲೇ ಎದ್ದು ನಿಂತಾಗಿತ್ತು.