ಪಂಪುಮನೆಯ ಗಂಟೆ

ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಎರಡು ಬೆರಳಷ್ಟೇ ಉಳಿದಿತ್ತು. ಹೊನ್ನಯ್ಯ ಯೋಚಿಸುತ್ತ ನಿಲ್ಲಲಿಲ್ಲ. ಒಲೆಯ ಬಾಗಿಲು ತೆರೆದು, ಉದ್ದನೆಯ ಕೊಕ್ಕೆಯಿಂದ ಉರಿಯುವ ಸೌದೆಯನ್ನೆಲ್ಲ ನೆಲಕ್ಕೆ ಎಳೆದುಹಾಕಿದ. ಆವಿ ಇಳಿಯಿತು. ಗೋಡೆಯಾಚೆ ಗರಗಸಗಳು ನಿಧಾನವಾಗಿ ನಿಂತವು.

ನೀರು ಆ ಎರಡು ಬೆರಳೂ ಇಳಿದಿದ್ದರೆ ಬಾಯ್ಲರ್ ಸಿಡಿಯುತ್ತಿತ್ತು. ಗರಗಸಗಳ ಬಳಿ ನಲವತ್ತು ಜನರಿದ್ದರು.

ಭೂತಪ್ಪ ಗಂಟೆ ಬಾರಿಸಿರಲಿಲ್ಲ.

ಭದ್ರಾವತಿಯ ಹೊಳೆದಂಡೆಯಲ್ಲಿದ್ದ ಆ ಮರ ಕೊಯ್ಯುವ ಮಿಲ್ಲಿಗೆ ನೀರು ಬರುತ್ತಿದ್ದುದು ಇನ್ನೂರು ಗಜ ಕೆಳಗಿನ ಪಂಪುಮನೆಯಿಂದ. ಅಲ್ಲಿಂದ ಬಾಯ್ಲರ್ ಮನೆಗೆ ಒಂದು ತಂತಿ. ತಂತಿಯ ತುದಿಗೆ, ಒಲೆಯ ಮುಂದೆ ನಿಂತವನ ಬೆನ್ನ ಹಿಂದಿನ ಗೋಡೆಯಲ್ಲಿ, ಅಂಗೈಯಗಲದ ಹಿತ್ತಾಳೆ ಗಂಟೆ. ದಿನಾ ಬೆಳಿಗ್ಗೆ ಹತ್ತಕ್ಕೆ ಎಣ್ಣೆ ಹಾಕಲು ಭೂತಪ್ಪ ಪಂಪು ನಿಲ್ಲಿಸುತ್ತಿದ್ದ. ಅದಕ್ಕೆ ಮುಂಚೆ ಗಂಟೆ ಬಾರಿಸಬೇಕು, ಹೊನ್ನಯ್ಯ ಉರಿ ತಗ್ಗಿಸಬೇಕು. ಅಷ್ಟೇ ಪದ್ಧತಿ. ಈ ಕಡೆಯಿಂದ ತಿರುಗಿ ತಿಳಿಸುವ ಏರ್ಪಾಡು ಇರಲಿಲ್ಲ. ಹನ್ನೊಂದು ವರ್ಷ ಅದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಗರಗಸಗಳ ಕಿರುಚಾಟದ ನಡುವೆಯೂ ಆ ಸಣ್ಣ ದನಿ ತಪ್ಪದೆ ಬರುತ್ತಿತ್ತು.

ಆ ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅದು ತಪ್ಪತೊಡಗಿತು. ಇದು ಮೂರನೆಯ ಸಲ.

ಮೊದಲೆರಡು ಸಲ ಹೊನ್ನಯ್ಯ ಬಾಯಿ ಬಿಡಲಿಲ್ಲ. ಅವನಿಗೆ ಮನೆಯಲ್ಲಿ ಕಾಯುವವರಿರಲಿಲ್ಲ, ಇದ್ದವನು ಭೂತಪ್ಪನೊಬ್ಬನೇ. ಇಬ್ಬರೂ ಶಿವಮೊಗ್ಗದವರು. ಭಾನುವಾರ ಒಂದೇ ರೈಲು, ತುಂಗೆಯ ಮೆಟ್ಟಿಲ ಮೇಲೆ ಒಂದೇ ಪೊಟ್ಟಣದ ಅವಲಕ್ಕಿ. ಈಗ ಭೂತಪ್ಪ ಒಬ್ಬನೇ ಹೋಗಿ ಒಬ್ಬನೇ ಬರುತ್ತಾನೆ. ಬೆಳಿಗ್ಗೆ ಗೇಟಿನಿಂದಲೇ ಶಿಳ್ಳೆ ಹಾಕುತ್ತಿದ್ದವನು ಸುಮ್ಮನೆ ಹಾದುಹೋಗುತ್ತಾನೆ.

ಅವನೊಬ್ಬನೇ ಅಲ್ಲ. ಹೋಟೆಲಿನ ಯಲ್ಲಮ್ಮ ಹೊನ್ನಯ್ಯನ ಹತ್ತಿರ ಮಾತ್ರ ಗೊಣಗಿದಂತೆ ಮಾತಾಡುತ್ತಾಳೆ. ಸಂಜೆ ಶಾಲೆಯ ಮೇಷ್ಟರು ಪಾಠದಲ್ಲಿ ಅರ್ಧ ನುಂಗಿಬಿಡುತ್ತಾರೆ. ಅದಕ್ಕೇ ಅವನು ಮುಂದಿನ ಮಣೆಗೆ ಬಂದಿದ್ದ. ಬಾಯ್ಲರ್ ಮನೆಯ ಸೂರಿನ ಗುಬ್ಬಚ್ಚಿಗಳ ಚಿಲಿಪಿಲಿಯೂ ನಿಂತುಹೋಗಿತ್ತು. ಶಾಲೆಗೆ ಸೇರಿದ್ದೇ ತಪ್ಪಾಯಿತೇ? ಕೂಲಿಯವನು ಪುಸ್ತಕ ಹಿಡಿದದ್ದು ಇವರಿಗೆ ಸೇರಲಿಲ್ಲವೇ? ಯಾರನ್ನು ಕೇಳುವುದೆಂದು ಅವನಿಗೆ ತಿಳಿಯಲಿಲ್ಲ.

ಆದರೆ ನಲವತ್ತು ಜನ. ಆ ಸಂಜೆ ಅವನು ಕಾಗದ ತೆಗೆದುಕೊಂಡ. ಎರಡು ಸಲ ಬರೆದು ಹರಿದ. ಮೂರನೆಯದನ್ನು ಮರುದಿನ ಮ್ಯಾನೇಜರ್ ಭೈರಪ್ಪನವರ ಕೈಗೆ ಕೊಟ್ಟ. ಬದುಕಿನಲ್ಲಿ ಅವನು ಬರೆದ ಮೊದಲ ಅರ್ಜಿ ಅದು.

ಭೈರಪ್ಪನವರು ಇಬ್ಬರನ್ನೂ ಕರೆಸಿ ಎದುರುಬದುರು ನಿಲ್ಲಿಸಿದರು.

"ಬಾರ್ಸಿದೀನಿ ಸ್ವಾಮಿ, ಮೂರು ದಿನಾನೂ," ಎಂದ ಭೂತಪ್ಪ. ಅವನದು ಡೋಲಿನಂಥ ಗಂಟಲು. ಹೊನ್ನಯ್ಯನತ್ತ ತಿರುಗಿದ. "ಏನ್ ಮಾರಾಯ, ನಾಕಕ್ಷರ ಕಲ್ತಿದ್ದು ನನ್ನ ಅನ್ನಕ್ಕೆ ಕಲ್ಲು ಹಾಕೋಕಾ? ನೀನೀಗ ದೊಡ್ಡ ಮನುಷ್ಯ ಬಿಡು. ಹಿಂದಿಂದ ಕರೆಯೋರು ನಿನ್ ಲೆಕ್ಕಕ್ಕೇ ಇಲ್ಲ."

"ಭೂತಣ್ಣ, ನಾನು ಸುಳ್ಳು ಬರ್ದಿಲ್ಲ."

"ಆಯ್ತಪ್ಪಾ. ಇನ್ಮೇಲೆ ಕೈ ನೋಯೋವರ್ಗೂ ಬಾರಿಸ್ತೀನಿ. ಸಾಕಾ?"

ಫಿಟ್ಟರ್ ಪುಟ್ಟಯ್ಯ ತಂತಿಯ ಉದ್ದಕ್ಕೂ ನಡೆದು ನೋಡಿ ಬಂದ. "ತಂತಿ ಗಟ್ಟಿಯಾಗಿದೆ ಸ್ವಾಮಿ. ಗಂಟೇನೂ ಸರಿಯಾಗಿದೆ."

"ಹಂಗಾದ್ರೆ ಉಳಿದಿದ್ದು ಮನುಷ್ಯ," ಎಂದರು ಭೈರಪ್ಪನವರು.

ಭೂತಪ್ಪ ಹೊರಗೆ ಹೋದ ಮೇಲೆ ಅವರು ಹೊನ್ನಯ್ಯನನ್ನು ಹತ್ತಿರ ಕರೆದರು. "ನಾಳೆ ಹತ್ತಕ್ಕೆ ನಾನೇ ಬಂದು ನಿಲ್ತೀನಿ. ಅವನಿಗೆ ಹೇಳ್ಬೇಡ. ಗಂಟೆ ಬರ್ಲಿಲ್ವೋ, ನಾಳೇನೇ ಅವನನ್ನ ಮನೆಗೆ ಕಳಿಸ್ತೀನಿ."

ಸಂಜೆ ಹೊನ್ನಯ್ಯ ಶಾಲೆಗೆ ಹೋಗಲಿಲ್ಲ. ಭೂತಪ್ಪನ ಮನೆಯವರೆಗೆ ನಡೆದ. ಬಾಗಿಲಲ್ಲಿ ಅವನ ಸಣ್ಣ ಮಗಳು ಕೂತಿದ್ದಳು. ಇವನನ್ನು ಕಂಡು ಬಾಯಾಡಿಸಿದಳು. ಮಾಮ ಎಂದಳೋ, ಅಣಕಿಸಿದಳೋ. ಒಳಗೆ ಹೋಗಿ ಒಂದು ಮಾತು ಹೇಳಿದರೆ ಭೂತಪ್ಪನ ಕೆಲಸ ಉಳಿಯುತ್ತದೆ. ಆದರೆ ನಾಡಿದ್ದು? ಆಚೆ ನಾಡಿದ್ದು? ಕೈ ಬಾಗಿಲ ಚೌಕಟ್ಟಿನವರೆಗೆ ಹೋಯಿತು. ಅವನು ತಿರುಗಿ ಬಂದ.

ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿತ್ತು. ಭೈರಪ್ಪನವರು ಒಲೆಯ ಪಕ್ಕದಲ್ಲಿ ಗಡಿಯಾರ ಹಿಡಿದು ಅವನಿಗೆ ಎದುರಾಗಿ ನಿಂತರು. ಹೊನ್ನಯ್ಯ ಕೊಳವೆಯ ನೀರನ್ನೂ ಗಡಿಯಾರದ ಮುಳ್ಳನ್ನೂ ನೋಡುತ್ತಿದ್ದ. ಗೋಡೆಯಾಚೆಯಿಂದ ಗರಗಸಗಳು ಗುಂಯ್ ಎನ್ನುತ್ತಿದ್ದವು, ದೂರದಲ್ಲೆಲ್ಲೋ ಇರುವಂತೆ.

ಬಾರಿಸು ಭೂತಣ್ಣ, ಎಂದು ಅವನ ಮನಸ್ಸು ಬೇಡಿತು. ನಾನು ಸುಳ್ಳುಗಾರನಾದರೂ ಸರಿ. ಬಾರಿಸು.

ಮುಳ್ಳು ಹತ್ತನ್ನು ಮುಟ್ಟಿತು. ಹತ್ತನ್ನು ದಾಟಿತು.

ಹೊನ್ನಯ್ಯ ಕೊಕ್ಕೆಗೆ ಕೈ ಹಾಕಿದ. "ಸ್ವಾಮಿ, ಇದೊಂದು ಸಲ ಬಿಟ್ಬಿಡಿ. ಮಕ್ಕಳೊಂದಿಗ. ದಿನಾ ನಾನೇ ಹೋಗಿ ಜ್ಞಾಪಿಸ್ತೀನಿ."

ಭೈರಪ್ಪನವರು ಗಡಿಯಾರ ಹಿಡಿದ ಕೈ ಇಳಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಗಡಿಯಾರವನ್ನೂ ನೋಡುತ್ತಿರಲಿಲ್ಲ. ಒಮ್ಮೆ ಹೊನ್ನಯ್ಯನ ಮುಖವನ್ನು, ಒಮ್ಮೆ ಅವನ ತಲೆಯ ಮೇಲಿನಿಂದ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಹೊನ್ನಯ್ಯ ತಿರುಗಿದ.

ಹಿತ್ತಾಳೆ ಗಂಟೆ ತಂತಿ ಹರಿಯುವಂತೆ ಕುಣಿಯುತ್ತಿತ್ತು. ಅದರ ನಾಲಗೆ ಎರಡು ಬದಿಗೂ ಬಡಿಯುತ್ತಲೇ ಇತ್ತು, ಒಂದಿಷ್ಟೂ ಸದ್ದಿಲ್ಲದೆ.