ಮಗ್ಗದ ತೂಕ

“ತಡೀರಿ! ಹಗ್ಗಾ ಕೊಯ್ಯಬ್ಯಾಡ್ರಿ!” ಅಣ್ಣಾಸಾಹೇಬ ಚೀರಿದ. ಅಷ್ಟರಲ್ಲಿ ರಾಜಕುಮಾರನ ಚಾಕು ಹಗ್ಗದ ಎರಡು ಸುತ್ತು ಕತ್ತರಿಸಿಯಾಗಿತ್ತು.

ಹಗ್ಗ ಕಟ್ಟಿದ್ದು ಕಬ್ಬಿಣದ ಗುಂಡೊಂದಕ್ಕೆ. ಸಣ್ಣ ಸೀತಾಫಲದ ಗಾತ್ರ, ಮೈಮೇಲೆಲ್ಲ ಚೌಕ ಚೌಕ ಕಣ್ಣು. ಶಿವಗಂಗವ್ವನ ಮಾವ ಮಿಲಿಟರಿಯಿಂದ ಊರಿಗೆ ಬರುವಾಗ ಒಂದು ಖಾಕಿ ಕೋಟಿನ ಜೊತೆ ತಂದದ್ದು. ರಬಕವಿಯ ಆ ಮನೆಯ ಕೈಮಗ್ಗದಲ್ಲಿ, ಹಾಸಿನ ನೂಲು ಬಿಗಿಯಾಗಿರಲೆಂದು ಅದನ್ನೇ ತೂಕಕ್ಕೆ ಇಳಿಬಿಟ್ಟಿದ್ದರು. ಶಿವಗಂಗವ್ವ ಸೊಸೆಯಾಗಿ ಬಂದಾಗಲೂ ಅದು ಅಲ್ಲೇ ನೇತಾಡುತ್ತಿತ್ತು. ಈಗ ಅವಳ ಮಗ ರಾಜಕುಮಾರ ಕೈಮಗ್ಗ ಬಿಚ್ಚಿ ಅಲ್ಲಿ ಪವರ್‌ಲೂಮ್ ಕೂಡಿಸುವವನಿದ್ದ.

ಜಮಖಂಡಿಯಿಂದ ಅಣ್ಣಾಸಾಹೇಬ ಬಂದದ್ದು ಆ ಕೋಟು ನೋಡಲು. ಅವನು ಕಚೇರಿಯೊಂದರಲ್ಲಿ ಗುಮಾಸ್ತ. ಹಳೆಯ ಮಿಲಿಟರಿ ಬಿಲ್ಲೆ, ಬೆಲ್ಟು, ಟೊಪ್ಪಿಗೆ ಕೂಡಿಹಾಕುವ ಹುಚ್ಚು. ಇಂಥ ಸಾಮಾನು ಗುರುತಿಸಲು ಇಂಗ್ಲಿಷಿನ ಒಂದು ದಪ್ಪ ಪುಸ್ತಕ ತರಿಸಿಕೊಂಡಿದ್ದ. ಯಾವ ಪಲ್ಟನ್ನಿನ ಬಿಲ್ಲೆ ಹೇಗಿರುತ್ತದೆ, ಯಾವ ಕೋಟಿಗೆ ಎಷ್ಟು ಕಿಸೆ, ಎಲ್ಲ ಚಿತ್ರಸಮೇತ. ಕೋಟಿನ ಪುಟ ಹುಡುಕುತ್ತಿದ್ದವನ ಕಣ್ಣು ಮಗ್ಗದ ಕೆಳಗೆ ಹೋದದ್ದೇ ತಡ, ಕೋಟು ಮರೆತೇಹೋಯಿತು. ಪುಟ ತಿರುವಿದ. ಅದೇ ಚಿತ್ರ ಸಿಕ್ಕಿತು.

“ಇದು ಕೈಬಾಂಬ್ ರೀ. ಹೆದರಬ್ಯಾಡ್ರಿ, ಸಿಪಾಯಿಗೋಳಿಗೆ ಕಲಿಸಾಕ ಮಾಡಿದ್ದು. ಒಳಗ ಮದ್ದು ಇರಂಗಿಲ್ಲ. ಕೊಯ್ದ ಕೊಡ್ರಿ, ನಾ ಒಯ್ತೇನಿ” ಎಂದು ರಾಜಕುಮಾರನಿಗೆ ಹೇಳಿದವನು ಅವನೇ. ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿ ಚೀರಿದ್ದು ಆಮೇಲೆ. ಕಲಿಸಲು ಮಾಡಿದ ಬಾಂಬಾದರೆ ಬದಿಗೆ ತೂತು ಕೊರೆದಿರುತ್ತಾರೆ, ತೂತು ಇರದಿದ್ದರೆ ಮುಟ್ಟಬೇಡಿ ಎಂದಿತ್ತು.

ಸಡಿಲಾದ ಹಗ್ಗದ ನಡುವೆ ಗುಂಡಿನ ಮೈ ಪೂರ್ತಿ ಕಾಣುತ್ತಿತ್ತು. ಎಲ್ಲೂ ತೂತಿರಲಿಲ್ಲ. ಪಿನ್ನು ತುಕ್ಕು ತಿಂದು ಉದುರಿ ಯಾವ ಕಾಲವಾಗಿತ್ತೋ. ಬದಿಯ ಕಬ್ಬಿಣದ ಪಟ್ಟಿಯನ್ನು ಇಷ್ಟು ವರ್ಷ ಒತ್ತಿ ಹಿಡಿದದ್ದು ಬರೀ ಆ ಹಗ್ಗ. ಈಗ ಪಟ್ಟಿ ಒಂದು ಎಳೆಯಷ್ಟು ಮೇಲೆದ್ದಿತ್ತು. ಪೂರ್ತಿ ಎದ್ದರೆ ಬಾಂಬು ಸಿಡಿಯುತ್ತದೆ.

ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದ ಶಿವಗಂಗವ್ವ ಸರ್ರನೆ ಬಾಗಿದಳು. ಗುಂಡು, ಪಟ್ಟಿ ಎರಡನ್ನೂ ಕೂಡಿಸಿ ಬಲಗೈಯಲ್ಲಿ ಅವುಚಿ ಹಿಡಿದಳು.

“ಯವ್ವಾ, ನನ್ನ ಕೈಯಾಗ ಕೊಡು” ಎಂದ ರಾಜಕುಮಾರ.

“ಸರಿ ಆಕಡಿ. ನಿನ್ನ ಕೈ ನಡಗಾಕತ್ತಾವು.”

ಅಣ್ಣಾಸಾಹೇಬ ಪೊಲೀಸರಿಗೆ ಫೋನು ಮಾಡಿದ. ಬಾಂಬು ತೆಗೆಯುವವರು ಬರಲು ಎರಡು ತಾಸಾದರೂ ಬೇಕು, ಹಿಡಿದದ್ದನ್ನು ಹಾಗೇ ಹಿಡಿದಿರಲಿ ಎಂದರು. ನೂಲಿನಿಂದ ಸುತ್ತಿ ಬಿಗಿದುಬಿಡುತ್ತೇನೆಂದ ರಾಜಕುಮಾರ. ತುಕ್ಕು ಹಿಡಿದದ್ದು, ಸ್ವಲ್ಪವೂ ಅಲುಗಿಸಬೇಡಿ ಎಂದು ಪೊಲೀಸರು ಫೋನಿನಲ್ಲೇ ಗದರಿದರು. ಆದರೆ ಅಕ್ಕಪಕ್ಕದ ಪವರ್‌ಲೂಮುಗಳಿಗೆ ನೆಲವೇ ಅದುರುತ್ತಿತ್ತು. ರಾಜಕುಮಾರ ಮನೆಮನೆಗೆ ಓಡಿ ನಿಲ್ಲಿಸಿದ. ಕೊನೆಯ ಮಗ್ಗವೂ ನಿಂತಾಗ ಓಣಿಯಲ್ಲಿ ಯಾರದೋ ಕೂಸು ಅಳುವುದು ಕೇಳಿಸಿತು. ಅಷ್ಟರಲ್ಲಿ ಠಾಣೆಯವರು ಬಂದು ಜನರನ್ನೆಲ್ಲ ದೂರ ಸರಿಸಿದರು. ರಾಜಕುಮಾರನನ್ನು ಮತ್ತೆ ಒಳಗೆ ಬಿಡಲಿಲ್ಲ.

“ಸಾಹೇಬ್ರ, ನೀವೂ ಹೋಗ್ರಿ” ಎಂದಳು ಶಿವಗಂಗವ್ವ.

“ಇಲ್ರಿ ಯವ್ವಾ. ಕೊಯ್ರಿ ಅಂದಾಂವ ನಾನು.”

ಅರ್ಧ ತಾಸು ಕಳೆಯಿತು. ಅವಳ ಮೊಳಕೈ ಕಂಪಿಸತೊಡಗಿತು. ಅಣ್ಣಾಸಾಹೇಬ ಮಂಡಿಯೂರಿ ಅದಕ್ಕೆ ತನ್ನ ಅಂಗೈ ಆನಿಸಿದ.

“ಏನರ ಮಾತಾಡ್ರಿ. ಸುಮ್ಮ ಕುಂತ್ರ ಕೈ ಜೋಮು ಹಿಡಿತೈತಿ” ಎಂದಳು.

ಅವನು ಎದುರಿಗೆ ತೆರೆದೇ ಬಿದ್ದಿದ್ದ ಪುಸ್ತಕ ನೋಡಿ ಕನ್ನಡದಲ್ಲಿ ಹೇಳತೊಡಗಿದ. ಎಂಥ ಕಬ್ಬಿಣ, ಯಾವ ವರ್ಷ ಯಾವ ಬಣ್ಣ ಬಳಿಯುತ್ತಿದ್ದರು, ತಳದಲ್ಲಿ ಯಾವ ಮುದ್ರೆ ಒತ್ತುತ್ತಿದ್ದರು. ಶಿವಗಂಗವ್ವ ಹೂಂಗುಡುತ್ತ ಕೇಳಿದಳು.

“ಇದನ್ನ ಒಗದ್ರ ಎಷ್ಟ ಮಂದಿ ಸಾಯ್ತಾರಂತ ಬರದಾರೇನು?”

ಅಣ್ಣಾಸಾಹೇಬ ಪುಟದ ಕೊನೆಯವರೆಗೂ ಕಣ್ಣಾಡಿಸಿದ. “ಇದು ಕೂಡಿಸಿ ಇಡಾವ್ರ ಪುಸ್ತಕ ರೀ. ಅದನ್ನೆಲ್ಲಾ ಬರಿಯಂಗಿಲ್ಲ.”

ಅವಳ ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಅವಳದೇ ಸೆರಗಿನಿಂದ ಅವನು ಒರೆಸಿದ. ಪುಸ್ತಕ ಮುಚ್ಚಿ ದೂರ ತಳ್ಳಿದ.

ದಪ್ಪ ಅಂಗಿ ತೊಟ್ಟ ಇಬ್ಬರು ಒಳಗೆ ಬಂದಾಗ ಎರಡೂವರೆ ತಾಸಾಗಿತ್ತು. ಒಬ್ಬ ತನ್ನ ಕೈಯನ್ನು ಅವಳ ಬೆರಳ ಕೆಳಗೆ ಇಷ್ಟಿಷ್ಟೇ ಜಾರಿಸಿ ಪಟ್ಟಿಯನ್ನು ಒತ್ತಿ ಹಿಡಿದ. ಇನ್ನೊಬ್ಬ ಉಳಿದ ಹಗ್ಗ ಕತ್ತರಿಸಿದ. ಉಸುಕು ತುಂಬಿದ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಊರ ಹೊರಗಿನ ಬಯಲಿಗೆ ಹೋದರು. ಅಲ್ಲಿ ಸಿಡಿಸುತ್ತೇವೆ, ನಾವು ಹೇಳುವವರೆಗೆ ಇಬ್ಬರೂ ಒಳಗೇ ಇರಿ ಎಂದಿದ್ದರು.

ಗುಂಡು ಹೋದರೂ ಶಿವಗಂಗವ್ವನ ಬೆರಳು ಹಾಗೇ ಮಡಚಿಕೊಂಡಿದ್ದವು.

“ಬಿಚ್ಚಾಕ ಬರವಲ್ವು” ಎಂದಳು, ಬೇರೆ ಯಾರದೋ ಕೈ ನೋಡುವವಳಂತೆ.

ಅಣ್ಣಾಸಾಹೇಬ ಎದುರಿಗೆ ಕೂತು, ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಹೆಬ್ಬೆರಳು ಬಿಡಿಸಿದ. ತೋರುಬೆರಳು ಬಿಡಿಸಿದ. ನಡುಬೆರಳಿಗೆ ಕೈ ಹಾಕಿದ್ದನಷ್ಟೆ, ಬಯಲ ಕಡೆಯಿಂದ ಢಂ ಎಂದಿತು. ತಗಡಿನ ಮಾಡು ನಡುಗಿತು. ಅರ್ಧ ಬಿಚ್ಚಿದ ಮಗ್ಗದಿಂದ ಧೂಳು ಉದುರಿತು.

ಹೊರಗೆ ಓಣಿಯ ಜನ ಹೋ ಎಂದು ಕೂಗಿದರು. ಒಳಗೆ ಶಿವಗಂಗವ್ವನ ಮುಷ್ಟಿ ಮತ್ತೆ ಬಿಗಿಯಾಗಿ ಮುಚ್ಚಿಕೊಂಡಿತ್ತು, ಅಣ್ಣಾಸಾಹೇಬನ ಎರಡು ಬೆರಳುಗಳ ಸಮೇತ. ಅವನು ಬಿಡಿಸಿಕೊಳ್ಳಲಿಲ್ಲ.