ಸೇಬು ಪೋಣಿಸುವ ಅಮ್ಮ

ಹೊಸದಾಗಿ ಹುಟ್ಟಿದ ಅಮೆರಿಕದಲ್ಲಿ ತೀರ್ಪಿಗೆ ಮುನ್ನ ನ್ಯಾಯಾಧೀಶರು ಆರೋಪಿಯ ಬಾಲ್ಯದ ಒಂದು ನೆನಪನ್ನು ಕುಡಿಯಬೇಕಿತ್ತು. ನಿವೃತ್ತಿಯ ದಿನ ಅವನ್ನೆಲ್ಲ ಸೀಸೆಗಳಿಗೆ ಊದಿ ಆರೋಪಿಗಳ ಮನೆಯವರಿಗೆ ಮರಳಿಸಬೇಕಿತ್ತು. ಕುದುರೆಯೇರಿ ಊರೂರು ಸುತ್ತಿ ನ್ಯಾಯ ಹೇಳಿದ್ದ ಮುದಿ ಆಸಾಹೆಲ್ ಸಂಜೆಯೊಳಗೆ ಎಲ್ಲರದನ್ನೂ ಊದಿಕೊಟ್ಟರು. ಪ್ರೂಡೆನ್ಸ್ ಎಂಬ ಹೆಂಗಸು ಮಾತ್ರ ಖಾಲಿ ಸೀಸೆ ಮುಂದಿಟ್ಟು ಕದಲಲಿಲ್ಲ. ಟಪಾಲು ದೋಚಿದ ಅವಳ ಅಣ್ಣನನ್ನು ಅವರೇ ಗಲ್ಲಿಗೇರಿಸಿದ್ದರು.

"ನಿನ್ನಣ್ಣಂದು ಯಾವುದೂ ಉಳಿದಿಲ್ವಲ್ಲಮ್ಮ. ನನ್ನೊಳಗೆ ಇನ್ನಿರೋದು ನಮ್ಮಮ್ಮ ಒಬ್ಬಳೇ. ಒಣಗಿಸೋಕೆ ಸೇಬಿನ ಹೋಳು ದಾರಕ್ಕೆ ಪೋಣಿಸ್ತಾ, ನನ್ನ ಬಾಯಿಗೂ ಒಂದು ಇಡ್ತಾಳೆ."

"ಎಡಗೈಲಿ ಅಲ್ವಾ, ಸ್ವಾಮಿ?" ಎಂದಳು ಪ್ರೂಡೆನ್ಸ್. "ನಮ್ಮಮ್ಮನ ಬಲಗೈ ಗಿರಣಿಗೆ ಸಿಕ್ಕಿ ಹೋಗಿತ್ತು."

ಹಿಮದ ದಾರಿಗಳಲ್ಲಿ ಇಷ್ಟು ವರ್ಷ ಆಸಾಹೆಲ್‌ರನ್ನು ಬೆಚ್ಚಗಿಟ್ಟದ್ದು ಆ ಎಡಗೈಯೇ. ಸೀಸೆಯನ್ನು ತುಟಿಯವರೆಗೆ ತಂದು ನಿಲ್ಲಿಸಿದರು.

"ಒಂದು ಗಳಿಗೆ ತಾಳು ತಾಯಿ. ಅಮ್ಮನ್ನ ಇನ್ನೊಂದ್ಸಲ ನೋಡಿ ಕೊಡ್ತೀನಿ."